ಎಂದಿನಂತೆ ಅರ್ಧ ಕಿಲೋ

ಬೆಳಗಿನ ಕಾಫಿ ಕೆಟ್ಟರೆ ಇಡೀ ದಿನವೇ ಕೆಟ್ಟಿತು ಎನ್ನುವ ಮನೆಗಳು ನಮ್ಮ ಮೈಸೂರಿನಲ್ಲಿ ಇಂದಿಗೂ ಕಡಿಮೆಯೇನಿಲ್ಲ. ನಮ್ಮದೂ ಅಂಥದೇ ಒಂದು. ಸಾರಿಗೆ ಉಪ್ಪು ಹೆಚ್ಚಾದರೆ ಮಾತಾಡದೆ ಮಜ್ಜಿಗೆ ಅನ್ನ ಉಂಡು ಏಳುವ ಜನ, ಕಾಫಿ ಒಂದಿಷ್ಟು ತೆಳ್ಳಗಾದರೆ ಮುಖ ಗಂಟಿಕ್ಕಿಕೊಂಡು ಕೂರುತ್ತಾರೆ. ಇಂಥ ಮನೆಗೆ ನಾನು 2002ರಲ್ಲಿ ಸೊಸೆಯಾಗಿ ಬಂದೆ. ಬಂದ ಮಾರನೆಯ ದಿನದಿಂದಲೇ ಬೆಳಿಗ್ಗೆ ಐದೂವರೆಗೆ ಎದ್ದು ಫಿಲ್ಟರಿಗೆ ಪುಡಿ ಹಾಕುವ ಕೆಲಸ ನನ್ನದಾಯಿತು. ಆದರೆ ಯಾವ ಪುಡಿ ಎನ್ನುವುದು ಮಾತ್ರ ನನ್ನ ಇಲಾಖೆಯಾಗಿರಲಿಲ್ಲ.

ಅದು ಮಾವನವರ ಇಲಾಖೆ. ತಿಂಗಳಿಗೆ ಎರಡು ಸಲ ಬಟ್ಟೆ ಚೀಲ ಹಿಡಿದು ದೇವರಾಜ ಮಾರುಕಟ್ಟೆಯ ಕಡೆ ಹೋಗಿ, ತಮ್ಮ ಖಾಯಂ ಅಂಗಡಿಯಲ್ಲಿ ಕಣ್ಣೆದುರಿಗೇ ಪುಡಿ ಮಾಡಿಸಿ ತರುತ್ತಿದ್ದರು. ಬಸ್ಸಿನಲ್ಲಿ ಬರುವಾಗ ಅಕ್ಕಪಕ್ಕದವರೆಲ್ಲ ಆ ಘಮಕ್ಕೆ ಚೀಲದ ಕಡೆ ತಿರುಗಿ ನೋಡುತ್ತಿದ್ದರಂತೆ. ಅದನ್ನು ಹೇಳುವಾಗ ಮಾವನವರಿಗೆ ಏನೋ ಬಿರುದು ಸಿಕ್ಕಷ್ಟು ಸಂತೋಷ! ಅಂಗಡಿಯವರಿಗೆ ಇಷ್ಟಿಷ್ಟು ಬೇಕು ಎಂದು ಹೇಳುವ ಅಗತ್ಯವೇ ಇರಲಿಲ್ಲ. ಮುಖ ಕಂಡರೆ ಸಾಕು, ಅವರ ಕೈ ತಾನಾಗಿ ಡಬ್ಬಗಳ ಕಡೆ ಹೋಗುತ್ತಿತ್ತು. 2019ರಲ್ಲಿ ಮಾವನವರು ತೀರಿಕೊಂಡ ಮೇಲೆ ನಮ್ಮವರು ಹೋಗತೊಡಗಿದರು. ಅವರೂ ಬಾಯಿ ಬಿಡಬೇಕಾಗಲಿಲ್ಲ. ರಾಯರ ಮಗ ಎಂದರೆ ಮುಗಿಯಿತು.

2024ರ ಬೇಸಿಗೆಯಲ್ಲಿ ಒಂದು ಸಂಜೆ ನಮ್ಮವರು ಆ ಅಂಗಡಿಗೆ ಹೋದರೆ ಬಾಗಿಲು ಹಾಕಿತ್ತು. ಒಂದೆರಡು ದಿನಕ್ಕಲ್ಲ, ಪೂರ್ತಿಯಾಗಿಯೇ. ಅಂಗಡಿಯವರಿಗೆ ವಯಸ್ಸಾಗಿತ್ತು, ಮಕ್ಕಳೆಲ್ಲ ಬೇರೆ ಬೇರೆ ಊರುಗಳಲ್ಲಿ ಕೆಲಸದಲ್ಲಿದ್ದರು. "ಅದಕ್ಕೇನಂತೆ, ಕಾಫಿ ಪುಡಿ ಎಲ್ಲಿ ತಗೊಂಡ್ರೂ ಕಾಫಿ ಪುಡೀನೇ" ಎಂದುಕೊಂಡು ನಮ್ಮವರು ದಾರಿಯಲ್ಲಿ ಸಿಕ್ಕಿದ ಒಂದು ಪ್ಯಾಕೆಟ್ ತಂದರು.

ಮಾರನೆಯ ಬೆಳಿಗ್ಗೆ ಅತ್ತೆಯವರು ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟರು. "ಇದು ನಮ್ಮನೆ ಕಾಫಿ ಅಲ್ಲ" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟು ಮಾಡಿದ್ದರೆ ನಾನೂ ಏನಾದರೂ ಅಂದು ಹಗುರಾಗಬಹುದಿತ್ತು. ಸುಮ್ಮನೆ ಎದ್ದು ದೇವರ ಮನೆಗೆ ಹೋದರು. ಅರ್ಧ ಲೋಟ ಕಾಫಿ ಹಾಗೇ ಆರಿ ಕೆನೆಗಟ್ಟಿತು. ಇಪ್ಪತ್ತೆರಡು ವರ್ಷ ನಾನೇ ಕೈಯಾರೆ ಮಾಡಿಕೊಟ್ಟ ಕಾಫಿ. ಅದರೊಳಗೆ ಏನೇನಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲವಲ್ಲ! ನಿಜ ಹೇಳುತ್ತೇನೆ, ನಾಚಿಕೆಯಾಯಿತು.

ಮಾವನವರು ಲೆಕ್ಕದಲ್ಲಿ ಬಲು ಕಟ್ಟುನಿಟ್ಟು. ಅಟ್ಟದ ಮೇಲಿನ ಟ್ರಂಕಿನಲ್ಲಿ ಅವರ ಖರ್ಚಿನ ಪುಸ್ತಕಗಳೆಲ್ಲ ಇದ್ದವು. ಒಂದು ಭಾನುವಾರ ಕೆಳಗಿಳಿಸಿ, ಧೂಳು ಒರೆಸಿ, ಮಗಳನ್ನೂ ಕೂರಿಸಿಕೊಂಡು ಹುಡುಕಿದೆ. ಹಾಲು, ಸೊಪ್ಪು, ಅಗಸರವನಿಗೆ, ಮಗನ ಫೀಸು, ಎಲ್ಲವೂ ಇತ್ತು. ಕಾಫಿ ಪುಡಿಯೂ ಇತ್ತು. ಪ್ರತಿ ಹದಿನೈದು ದಿನಕ್ಕೊಮ್ಮೆ, ದುಂಡನೆಯ ಅಕ್ಷರದಲ್ಲಿ ಒಂದೇ ಸಾಲು: "ಕಾಫಿ ಪುಡಿ ಅರ್ಧ ಕಿಲೋ, ಎಂದಿನಂತೆ." ಎಷ್ಟು ಪುಸ್ತಕ ತಿರುವಿದರೂ ಎಂದಿನಂತೆ, ಎಂದಿನಂತೆ. ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ಮಾತ್ರ ಅಳು ಬರುವುದೊಂದು ಬಾಕಿ.

ಕೊನೆಗೆ ತವರಿಗೆ ಫೋನ್ ಮಾಡಿದೆ. ನನ್ನ ತವರು ಕೊಪ್ಪದ ಹತ್ತಿರ. ಅಡಿಕೆ ತೋಟದ ಜೊತೆಗೆ ಎರಡೆಕರೆ ಕಾಫಿ ಇದೆ. ಅಣ್ಣ ಕೇಳಿದವನೇ, "ಎಂತ ಮಾರಾಯ್ತಿ, ಕಾಫಿ ಬೆಳೆಯೋರ ಮನೆ ಹುಡುಗಿ ನೀನು, ಮೈಸೂರಲ್ಲಿ ಕಾಫಿ ಪುಡಿ ಹುಡುಕ್ತಾ ಇದೀಯಾ?" ಎಂದು ಹಂಗಿಸಿದ. ನನ್ನ ತಪ್ಪೇನೂ ಇಲ್ಲ. ನಾವು ಚಿಕ್ಕವರಿದ್ದಾಗ ಮನೆಯ ಕಾಫಿ ಎಂದರೆ ಅಂಗಳದಲ್ಲಿ ಒಣಗಿಸಿದ ಹಣ್ಣನ್ನು ಕುಟ್ಟಿ, ಕಬ್ಬಿಣದ ಬಾಣಲೆಯಲ್ಲಿ ಅಮ್ಮ ಹುರಿಯುತ್ತಿದ್ದ ಬೀಜ. ಅದಕ್ಕೆ ಹೆಸರೂ ಇಲ್ಲ, ನಂಬರೂ ಇಲ್ಲ. ಬೆಲ್ಲ ಹಾಕಿ ಕುದಿಸಿ ಬಟ್ಟೆಯಲ್ಲಿ ಸೋಸಿದರೆ ಆಯಿತು. ಒಳ್ಳೆಯ ಬೀಜವೆಲ್ಲ ಬೋರ್ಡಿಗೆ ಹೋಗುತ್ತಿತ್ತು. ಆಗ ಬೆಳೆಗಾರರು ಮನೆ ಖರ್ಚಿಗೆ ಇಟ್ಟುಕೊಂಡದ್ದು ಬಿಟ್ಟು ಉಳಿದದ್ದನ್ನು ಕಾಫಿ ಮಂಡಳಿಗೇ ಹಾಕಬೇಕಿತ್ತು. ತೊಂಬತ್ತರ ದಶಕದಲ್ಲಿ ಆ ಕಟ್ಟು ಸ್ವಲ್ಪ ಸ್ವಲ್ಪವಾಗಿ ಸಡಿಲಗೊಂಡು 1996ರ ಹೊತ್ತಿಗೆ ಪೂರ್ತಿ ಹೋಯಿತು. ಬಾಬಾ ಬುಡನ್ ಅವರು ಏಳು ಬೀಜ ತಂದು ನೆಟ್ಟರೆಂದು ಹೇಳುವ ಗಿರಿಯ ಆಸುಪಾಸಿನಲ್ಲೇ ಹುಟ್ಟಿ ಬೆಳೆದವಳು ನಾನು. ದೇಶದ ಕಾಫಿಯಲ್ಲಿ ಶೇಕಡ 70ರಷ್ಟು ನಮ್ಮ ಕರ್ನಾಟಕದ್ದೇ. ಆದರೂ ಅಂಗಡಿಯವನ ಭಾಷೆ ನನಗೆ ತಿಳಿಯದು!

ಅಣ್ಣ ತಿಳಿಸಿ ಹೇಳಿದ. ನನ್ನ ಹಾಗೆ ಗೊತ್ತಿಲ್ಲದ ಸೋದರಿಯರು ಇನ್ನೂ ಕೆಲವರಿರಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ. ಕಾಫಿಯಲ್ಲಿ ಮುಖ್ಯವಾಗಿ ಎರಡು ಜಾತಿ. ಅರೇಬಿಕ ಘಮಕ್ಕೆ, ರೋಬಸ್ಟ ಗಟ್ಟಿತನಕ್ಕೆ. ರೋಬಸ್ಟದಲ್ಲಿ ಕಹಿ ಜಾಸ್ತಿ, ಕೆಫೀನ್ ಅಂಶವೂ ಅರೇಬಿಕದ ಸುಮಾರು ಎರಡರಷ್ಟು. ಅಂಗಡಿಯ ಹಲಗೆಯ ಮೇಲೆ "ಪ್ಲಾಂಟೇಷನ್" ಎಂದು ಬರೆದಿದ್ದರೆ ಅದು ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಅರೇಬಿಕ. ಅದರ ಮುಂದಿನ ಎ, ಬಿ ಎನ್ನುವುದು ಬೀಜದ ಗಾತ್ರ. "ಚೆರ್ರಿ" ಎಂದರೆ ನಮ್ಮ ಅಂಗಳದಲ್ಲಿ ಮಾಡುತ್ತಿದ್ದಂತೆ ಹಣ್ಣನ್ನು ಇಡಿಯಾಗಿ ಒಣಗಿಸಿದ್ದು. ಇನ್ನು ಪೀಬೆರಿ. ಅದು ಬೇರೆಯದೇ ಗಿಡ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಅಲ್ಲವಂತೆ! ಮಾಮೂಲಿ ಹಣ್ಣಿನೊಳಗೆ ಎರಡು ಬೀಜ ಬೆನ್ನು ಹೊರಗೆ ಮಾಡಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೆಲವು ಹಣ್ಣಿನಲ್ಲಿ ಒಂದೇ ಬೀಜ ಬೆಳೆದು ಬಟಾಣಿಯಂತೆ ದುಂಡಗಾಗುತ್ತದೆ. ಅದನ್ನು ಆರಿಸಿ ಬೇರೆ ಮಾಡಿದರೆ ಪೀಬೆರಿ. ದುಂಡಗಿರುವುದರಿಂದ ಹುರಿಯುವಾಗ ಉರುಳಿ ಉರುಳಿ ಒಂದೇ ಸಮನೆ ಹದವಾಗುತ್ತದೆ.

ಚಿಕೋರಿಯ ವಿಷಯಕ್ಕೆ ಬಂದರೆ, ಅದು ಕಾಫಿಯೇ ಅಲ್ಲ, ಒಂದು ಗಿಡದ ಬೇರು. ನಮ್ಮ ದೇಶದಲ್ಲಿ ಹೆಚ್ಚಾಗಿ ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುತ್ತಾರೆ. ಕತ್ತರಿಸಿ, ಒಣಗಿಸಿ, ಹುರಿದು ಪುಡಿ ಮಾಡುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ. ನೀರಿನಲ್ಲಿ ಕಾಫಿಗಿಂತ ಬಹಳ ಹೆಚ್ಚು ಕರಗುವುದರಿಂದ ಡಿಕಾಕ್ಷನ್ನಿಗೆ ಕಪ್ಪು ಬಣ್ಣ, ಮಂದತನ ಎರಡೂ ಬೇಗ ಬರುತ್ತವೆ. ಕಾನೂನಿನ ಪ್ರಕಾರ ಮಿಶ್ರ ಪುಡಿಯಲ್ಲಿ ಕಾಫಿ ಕನಿಷ್ಠ ಶೇಕಡ 51 ಇರಬೇಕು, ಪ್ಯಾಕೆಟ್ಟಿನ ಮೇಲೆ ಎಷ್ಟೆಷ್ಟು ಎಂದು ಬರೆದಿರಬೇಕು. ನಮ್ಮವರು ತಂದಿದ್ದ ಪ್ಯಾಕೆಟ್ಟನ್ನು ಕಸದ ಬುಟ್ಟಿಯಿಂದ ತೆಗೆದು ಕನ್ನಡಕ ಹಾಕಿ ನೋಡಿದೆ. ಇರುವೆ ಸಾಲಿನಂಥ ಅಕ್ಷರದಲ್ಲಿ ಕಾಫಿ 53, ಚಿಕೋರಿ 47 ಎಂದಿತ್ತು. ಮೋಸ ಎನ್ನುವಂತಿಲ್ಲ, ಬರೆದಿದ್ದಾರಲ್ಲ! ಓದದೆ ಇದ್ದದ್ದು ನಾವು.

ಬಿಡಿಯಾಗಿ ಕೊಂಡ ಪುಡಿಯ ಮೇಲೆ ಅನುಮಾನವಿದ್ದರೆ ಮನೆಯಲ್ಲೇ ನೋಡಬಹುದು. ಒಂದು ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು ಮೇಲೆ ಅರ್ಧ ಚಮಚ ಪುಡಿ ಉದುರಿಸಿ. ಕಾಫಿ ತೇಲುತ್ತದೆ. ಚಿಕೋರಿ ಕೆಲವೇ ಕ್ಷಣದಲ್ಲಿ ಕಂದು ಬಣ್ಣದ ಗೆರೆ ಬಿಡುತ್ತಾ ತಳಕ್ಕೆ ಇಳಿಯುತ್ತದೆ.

ಇಷ್ಟು ಪಾಠವಾದ ಮೇಲೆ ಧೈರ್ಯ ಬಂತು. ನಮ್ಮ ಬಡಾವಣೆಯಿಂದ ಎರಡು ಸ್ಟಾಪು ಆಚೆ ಹುರಿದು ಪುಡಿ ಮಾಡಿಕೊಡುವ ಅಂಗಡಿಯೊಂದಿದೆ. ಹೋಗಿ ನೂರು ಗ್ರಾಂ ಪುಡಿ ಬೇಕು ಎಂದೆ. "ಅಷ್ಟು ಕಮ್ಮಿ ಮೆಷಿನ್ನಿಗೆ ಹಾಕೋಕಾಗಲ್ಲ ಮೇಡಂ" ಎಂದ ಅಲ್ಲಿಯ ಹುಡುಗ. ಎಸ್.ಎಸ್.ಎಲ್.ಸಿ. ಮುಗಿಸಿ ಮನೆ ಸೇರಿದವಳು ನಾನು, ಅಂಗಡಿಯಲ್ಲಿ ವಾದ ಮಾಡಿ ಅಭ್ಯಾಸವಿಲ್ಲ. ತಿರುಗಿ ಹೊರಟವಳನ್ನು ಒಳಗೆ ಕುಳಿತಿದ್ದ ಹಿರಿಯರು ಕರೆದು, "ಏನಮ್ಮ, ಪರೀಕ್ಷೆ ಮಾಡ್ಬೇಕಾ? ಮಧ್ಯಾಹ್ನ ಗಿರಾಕಿ ಇಲ್ಲದಾಗ ಬನ್ನಿ, ಮಾಡ್ಕೊಡ್ತೀವಿ" ಎಂದರು. ಆ ಪುಣ್ಯಾತ್ಮರ ತಾಳ್ಮೆ ದೊಡ್ಡದು. ಮೂರು ತಿಂಗಳಿಗೂ ಹೆಚ್ಚು ಕಾಲ ನಾನು ಅವರ ತಲೆ ತಿಂದೆ.

ಒಂದು ನಿಯಮ ಮಾಡಿಕೊಂಡೆ. ಒಂದು ಪುಡಿಯನ್ನು ಮೂರು ದಿನ ಮಾಡುವುದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದು, ಹಾಲು ಸಕ್ಕರೆ ಮುಟ್ಟದಿರುವುದು. ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುವುದು. ಬರೀ ಪ್ಲಾಂಟೇಷನ್ ಎ ತಂದಾಗ ಡಬ್ಬ ತೆರೆದರೆ ಮನೆಯೆಲ್ಲ ಘಮ ಘಮ, ಹಾಲಿಗೆ ಬೆರೆಸಿದರೆ ಎಲ್ಲಿ ಹೋಯಿತೋ ಗೊತ್ತಿಲ್ಲ, ಕೊನೆಯಲ್ಲಿ ಒಂದು ಚೂರು ಹುಳಿ. ಅರ್ಧ ರೋಬಸ್ಟ ಸೇರಿಸಿದಾಗ ಗಟ್ಟಿಯೇನೋ ಬಂತು, ಜೊತೆಗೆ ನಮ್ಮವರಿಗೆ ರಾತ್ರಿ ಎರಡು ಗಂಟೆಯವರೆಗೆ ಎಚ್ಚರವೂ ಬಂತು! ಅದನ್ನು ಅಲ್ಲಿಗೇ ಬಿಟ್ಟೆ. ಪ್ಲಾಂಟೇಷನ್ ಮತ್ತು ಪೀಬೆರಿ ಸಮ ಸಮ ಮಾಡಿದಾಗ ಬಾಯಿಗೆ ಒಂದು ತೂಕ ಬಂತು. ಚಿಕೋರಿಯನ್ನು ಶೇಕಡ 40ಕ್ಕೆ ಏರಿಸಿದಾಗ ನಾಲಿಗೆಗೆ ಅಂಟಿಕೊಳ್ಳುವಂಥ ಸಿಹಿಗಹಿ. ಹತ್ತಕ್ಕೆ ಇಳಿಸಿದಾಗ ಮಗಳು ಮೊದಲ ಸಲ "ಪರವಾಗಿಲ್ಲ" ಎಂದಳು.

ನಮ್ಮವರು? ಅವರಿಗೆ ಬಿಸಿಯಾಗಿದ್ದರೆ ಸಾಕು ಎಂಬುದು ಈ ಪರೀಕ್ಷೆಯಿಂದ ತಿಳಿದ ದೊಡ್ಡ ಗುಟ್ಟು. ಅತ್ತೆಯವರು ಮಾತ್ರ ಪ್ರತಿ ಸಲವೂ ಒಂದೇ ತೀರ್ಪು: "ಚೆನ್ನಾಗಿದೆ. ಆದ್ರೆ ಅದಲ್ಲ."

ಪುಡಿಯೊಂದರದೇ ತಪ್ಪಲ್ಲವೇನೋ ಎಂದು ಹಿತ್ತಾಳೆ ಫಿಲ್ಟರನ್ನು ಹೊರತೆಗೆದು ಕಲಾಯಿ ಹಾಕಿಸಿದೆ. ಪ್ಯಾಕೆಟ್ ಹಾಲು ಬಿಟ್ಟು ಹತ್ತು ದಿನ ಹಸುವಿನ ಹಾಲು ಹಾಕಿಸಿಕೊಂಡೆ. ಆ ಹೊತ್ತಿಗೆ ಕಾಫಿ ಬೆಲೆಯೂ ಹುಚ್ಚು ಹಿಡಿದಂತೆ ಏರುತ್ತಿತ್ತು. 2024ರಲ್ಲಿ ವಿಯೆಟ್ನಾಂ, ಬ್ರೆಜಿಲ್ ದೇಶಗಳಲ್ಲಿ ಮಳೆ ಕೈಕೊಟ್ಟು, ಅದರ ಬಿಸಿ 2025ರವರೆಗೂ ನಮ್ಮ ಡಬ್ಬಕ್ಕೆ ತಟ್ಟಿತು. ಎಲ್ಲೋ ಬ್ರೆಜಿಲಿನಲ್ಲಿ ಮಳೆ ಬಾರದಿದ್ದರೆ ಮೈಸೂರಿನ ಸೊಸೆ ಲೆಕ್ಕ ಹಾಕಿ ಚಮಚ ಎತ್ತಬೇಕು ನೋಡಿ. ಅಣ್ಣನ ಹತ್ತಿರ ಗೊಣಗಿದರೆ, "ನಿಂಗೆ ಹೊರೆ ಆಯ್ತು ಸರಿ, ನಂಗೆ ಸೊಸೈಟಿ ಸಾಲ ತೀರಿತು" ಎಂದ. ಅವನಿಗೂ ಎಷ್ಟೋ ವರ್ಷಕ್ಕೆ ಒಂದು ಒಳ್ಳೆಯ ಬೆಲೆ, ಬೇಡ ಎನ್ನಲಾದೀತೇ? ಆದರೆ ನಮ್ಮವರು "ಇನ್ನೆಷ್ಟು ದಿನ ಈ ಪ್ರಯೋಗ?" ಎಂದು ಕೇಳತೊಡಗಿದರು. ನನಗೂ ಸಾಕಾಗಿತ್ತು.

ಒಂದು ಮಧ್ಯಾಹ್ನ ಅತ್ತೆಯವರು ಮಲಗಿದ್ದರು. ಚಿಕೋರಿ ಇಲ್ಲದ ಪುಡಿ ಒಂದಿಷ್ಟು ಉಳಿದಿತ್ತು. ಯಾರ ರುಚಿಯ ಯೋಚನೆಯೂ ಇಲ್ಲದೆ ನನಗೊಂದು ಲೋಟ ಮಾಡಿಕೊಳ್ಳೋಣ ಎನ್ನಿಸಿತು. ತವರಿನ ಹಾಗೆ ಬೆಲ್ಲ ಹಾಕಿ, ಸ್ವಲ್ಪ ತೆಳ್ಳಗೆ. ಇಪ್ಪತ್ತೆರಡು ವರ್ಷದಲ್ಲಿ ಮೈಸೂರಿನ ಆ ಅಡಿಗೆಮನೆಯಲ್ಲಿ ನಾನು ಬೆಲ್ಲದ ಕಾಫಿ ಮಾಡಿಕೊಂಡದ್ದು ಅದೇ ಮೊದಲು. ಒಂದು ಗುಟುಕು ಕುಡಿಯುವುದರೊಳಗೆ ಬಾಗಿಲಲ್ಲಿ ಅತ್ತೆ.

"ಏನೇ ಅದು, ಬೆಲ್ಲದ ವಾಸನೆ?"

"ಏನಿಲ್ಲ ಅತ್ತೆ, ಸುಮ್ನೆ ನನಗೇಂತ..." ಕದ್ದು ತಿನ್ನುತ್ತಾ ಸಿಕ್ಕಿಬಿದ್ದ ಹಾಗಾಯಿತು.

"ಒಂದಿಷ್ಟು ಕೊಡು ನೋಡೋಣ."

ಕೊಟ್ಟೆ. ನಿಂತೇ ಕುಡಿದರು. ಆಮೇಲೆ ಸ್ಟೂಲ್ ಎಳೆದುಕೊಂಡು ಕೂತು ಲೋಟ ಖಾಲಿ ಮಾಡಿದರು. "ನಮ್ಮಪ್ಪನ ಮನೇಲೂ ಹೀಗೇ ಮಾಡ್ತಿದ್ರು ಕಣೇ" ಎಂದರು. ಅವರ ತವರು ಸಕಲೇಶಪುರದ ಕಡೆ. ಅದು ನನಗೆ ಗೊತ್ತಿತ್ತು. ಅಲ್ಲಿಯೂ ಬೆಲ್ಲದ ಕಾಫಿಯೇ ಇದ್ದಿರಬೇಕು ಎಂದು ಮಾತ್ರ ಒಂದು ದಿನವೂ ಹೊಳೆದಿರಲಿಲ್ಲ.

"ಮತ್ತೆ ಇಷ್ಟು ವರ್ಷ ಹೇಳಲೇ ಇಲ್ವಲ್ಲ ಅತ್ತೆ?"

"ಯಾರು ಕೇಳಿದ್ರು? ಅವರಿಗೆ ಕಪ್ಪಗೆ, ಗಟ್ಟಿಯಾಗಿ ಇರಬೇಕಿತ್ತು. ತಂದಿದ್ದನ್ನ ಮಾಡ್ದೆ, ಮಾಡಿದ್ದನ್ನ ಕುಡಿದೆ. ಆಮೇಲೆ ಅದೇ ರೂಢಿ ಆಯ್ತು." ಸ್ವಲ್ಪ ಹೊತ್ತು ಖಾಲಿ ಲೋಟವನ್ನು ತಿರುಗಿಸುತ್ತಾ ಕೂತಿದ್ದು, "ನಾನೂ ನಿನ್ನನ್ನ ಕೇಳಲಿಲ್ಲ ಬಿಡು" ಎಂದರು.

ನನಗೆ ಏನು ಹೇಳಬೇಕೋ ತೋಚಲಿಲ್ಲ. "ಹಾಗಾದ್ರೆ ಬೆಳಗಿನ ಕಾಫೀನೂ ಹೀಗೇ ಮಾಡ್ಲಾ?" ಎಂದೆ.

"ಬೇಡ ಬೇಡ. ಬೆಳಿಗ್ಗೆ ಅದೇ ಇರಲಿ. ಆ ವಾಸನೆ ಬಂದ್ರೆ ಅವರು ಇನ್ನೂ ಹೊರಗೆ ಪೇಪರ್ ಓದ್ತಾ ಕೂತಿದಾರೆ ಅನ್ನಿಸುತ್ತೆ."

ಆಗ ನನಗೆ ಅರ್ಥವಾಯಿತು. ಅವರು ಹುಡುಕುತ್ತಿದ್ದುದು ನಾಲಿಗೆಯ ರುಚಿಯನ್ನಲ್ಲ, ವಾಸನೆಯನ್ನು. ನಾನೋ ಮೂರು ತಿಂಗಳು ಬರೀ ರುಚಿಯ ಹಿಂದೆ ಬಿದ್ದಿದ್ದೆ! ಮಾರನೆಯ ದಿನವೇ ಹೋಗಿ ಅಂಗಡಿಯ ಹಿರಿಯರಿಗೆ ಹೇಳಿದೆ. ಅವರು ನಕ್ಕು, "ಹಳೇ ಅಂಗಡಿಯೋರು ಇನ್ನೂ ಕಪ್ಪಗೆ ಹುರೀತಿದ್ರಮ್ಮ. ಬೀಜದ ಮೇಲೆ ಎಣ್ಣೆ ಜಿನುಗೋವರೆಗೆ. ಈಗ ಜನ ಅಷ್ಟು ಕೇಳಲ್ಲ" ಎಂದರು. ನಮಗಾಗಿ ಸ್ವಲ್ಪ ಮುಂದಕ್ಕೆ ಹುರಿದು ಕೊಟ್ಟರು. ಆ ಬೆಳಿಗ್ಗೆ ಡಿಕಾಕ್ಷನ್ ಇಳಿಯುತ್ತಿರುವಾಗಲೇ ದೇವರ ಮನೆಯಿಂದ ದನಿ ಬಂತು: "ಇವತ್ತು ಹತ್ತಿರ ಬಂತು ನೋಡೇ." ಪೂರ್ತಿ ಅದೇ ಎಂದು ಅವರು ಈವರೆಗೆ ಒಪ್ಪಿಲ್ಲ. ಆದರೆ ಲೋಟ ಖಾಲಿಯಾಗಿ ಬರುತ್ತದೆ.

ಈಗ ನಮ್ಮನೆಯ ಲೆಕ್ಕ ಹೀಗಿದೆ. ಅರ್ಧ ಕಿಲೋಗೆ ಪ್ಲಾಂಟೇಷನ್ ಎ 200 ಗ್ರಾಂ, ಪೀಬೆರಿ 200 ಗ್ರಾಂ, ಚಿಕೋರಿ 100 ಗ್ರಾಂ, ಬೀಜ ಕಪ್ಪಗೆ ಹುರಿದಿರಬೇಕು. ಆದರೆ ಮಾವನವರ ಹಾಗೆ ಅರ್ಧ ಕಿಲೋ ಒಟ್ಟಿಗೆ ತರುವುದನ್ನು ಬಿಟ್ಟಿದ್ದೇನೆ. ಪುಡಿ ಮಾಡಿದ ಮೇಲೆ ಘಮ ದಿನ ದಿನಕ್ಕೂ ಇಳಿಯುತ್ತದೆ. ಕಾಲು ಕಿಲೋ ತಂದು, ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿ, ಒಲೆಯಿಂದ ದೂರ ಇಡುತ್ತೇನೆ. ಪುಡಿ ತೀರಾ ನುಣ್ಣಗಿದ್ದರೆ ಫಿಲ್ಟರ್ ಕಟ್ಟಿಕೊಂಡು ಇಳಿಯುವುದೇ ಇಲ್ಲ, ತರಿಯಾಗಿದ್ದರೆ ನೀರು ಸರ್ರನೆ ಇಳಿದು ಡಿಕಾಕ್ಷನ್ ತೆಳ್ಳಗಾಗುತ್ತದೆ. ಸಣ್ಣ ರವೆಗಿಂತ ಒಂದು ಚೂರು ನುಣ್ಣಗಿರಲಿ ಎಂದು ಹೇಳಿ ಮಾಡಿಸಿ.

ನಾಲ್ಕು ಲೋಟಕ್ಕೆ ಸುಮಾರು 40 ಗ್ರಾಂ ಪುಡಿ, 200 ಮಿ.ಲೀ. ನೀರು. ಫಿಲ್ಟರನ್ನು ಮೊದಲು ಬಿಸಿನೀರಿನಲ್ಲಿ ತೊಳೆದು, ಪುಡಿ ಹಾಕಿ, ಹಿಡಿಯಿರುವ ತೂತಿನ ತಟ್ಟೆಯಿಂದ ಮೆಲ್ಲಗೆ ಒತ್ತಿ. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ ಒಂದು ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಮಾತ್ರ ಹಾಕಿ. ಅರ್ಧ ನಿಮಿಷ ಕಳೆದ ಮೇಲೆ ಉಳಿದದ್ದು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ತಾನೇ ಹಿಡಿದುಕೊಳ್ಳುತ್ತದೆ, ಆದ್ದರಿಂದ ಕೆಳಗೆ ಸಿಗುವುದು ಸುಮಾರು 120 ಮಿ.ಲೀ. ಇಳಿಯಲಿಲ್ಲವೆಂದು ಫಿಲ್ಟರನ್ನು ಕುಟ್ಟಬೇಡಿ. ಆರಿದ ಡಿಕಾಕ್ಷನ್ನನ್ನು ಮತ್ತೆ ಒಲೆಯ ಮೇಲೆ ಇಡಲೂಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟರೆ ಸಾಕು. ಬೆಲ್ಲದ ಕಾಫಿ ಮಾಡುವವರು ಬೆಲ್ಲವನ್ನು ಹಾಲಿನ ಜೊತೆ ಕುದಿಸಿದರೆ ಹಾಲು ಒಡೆಯುವುದುಂಟು. ಇಳಿಸಿದ ಮೇಲೆ ಬೆರೆಸಿ.

ಮಧ್ಯಾಹ್ನ ಮೂರಕ್ಕೆ ನಾನು ಮತ್ತು ಅತ್ತೆ ಇಬ್ಬರೇ, ಚಿಕೋರಿ ಇಲ್ಲದ್ದು, ಬೆಲ್ಲ ಹಾಕಿ, ಚಿಕ್ಕ ಲೋಟದಲ್ಲಿ ಕುಡಿಯುತ್ತೇವೆ. ಅದಕ್ಕೆಂದು ಬೇರೆ ಪುಡಿ ನೂರು ಗ್ರಾಂ ತರುತ್ತೇನೆ. ಅದಕ್ಕಿಂತ ತಡವಾಗಿ ಕುಡಿದರೆ ಅವರಿಗೆ ನಿದ್ದೆ ಬರುವುದಿಲ್ಲ. ಊಟದ ಜೊತೆಗೇ ಕುಡಿದರೆ ಊಟದಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ ಎಂದು ಐ.ಸಿ.ಎಂ.ಆರ್. 2024ರಲ್ಲಿ ಹೊರತಂದ ಆಹಾರ ಸೂಚಿಯಲ್ಲಿ ಹೇಳಿದೆ. ಊಟಕ್ಕೆ ಮುಂಚೆ, ಆಮೇಲೆ ಒಂದೊಂದು ಗಂಟೆ ಬಿಡಬೇಕಂತೆ. ದಿನಕ್ಕೆ ಕೆಫೀನ್ 300 ಮಿಲಿಗ್ರಾಂ ಮೀರಬಾರದು ಎಂದೂ ಹೇಳಿದ್ದಾರೆ. 150 ಮಿ.ಲೀ. ಕಾಫಿಯಲ್ಲೇ 80ರಿಂದ 120 ಇರುತ್ತದೆಯಂತೆ. ರಕ್ತ ಕಡಿಮೆ ಇರುವ ಹೆಂಗಸರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ನಾನಂತೂ ತಿಂಡಿಯ ಜೊತೆಗಿನ ಎರಡನೆಯ ಲೋಟ ನಿಲ್ಲಿಸಿದ್ದೇನೆ.

ಎರಡೂ ಪುಡಿಯ ಅಳತೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಅಡಿಗೆಮನೆಯ ಬೀರುವಿನ ಬಾಗಿಲಿಗೆ ಒಳಗಡೆಯಿಂದ ಅಂಟಿಸಿದ್ದೇನೆ. ಮೊನ್ನೆ ಮಗಳನ್ನು ಕರೆದು ತೋರಿಸಿ, "ನಾಳೆ ನಿನ್ನ ಮನೇಲಿ ಕಾಫಿ ಹೇಗಿರಬೇಕು, ನಿನಗೆ ಯಾವುದು ಇಷ್ಟ ಹೇಳು" ಎಂದೆ. ಅವಳು ಫೋನಿನಿಂದ ತಲೆಯನ್ನೇ ಎತ್ತಲಿಲ್ಲ.

"ನಂಗೆ ಟೀ ಇಷ್ಟ ಅಮ್ಮ" ಎಂದಳು.